ಹಿಡಿದದ್ದು ಎಷ್ಟು, ಕಟ್ಟಿದ್ದು ಎಷ್ಟು?

ನೀವು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬೀದಿಯ ಕಸ ಹೋಗಿರುತ್ತದೆ. ಅದನ್ನು ಹೊತ್ತವನ ಮುಪ್ಪಿಗೆ ಗತಿ ಏನು ಅಂತ ಯಾವತ್ತಾದ್ರೂ ಕೇಳಿದ್ದೀರಾ?

ನಗರಸಭೆಯ ಖಾಯಂ ನೌಕರರ ಲೆಕ್ಕ ಬೇರೆ. ಗುತ್ತಿಗೆ ಮೇಲೆ ದುಡಿಯುವ ಕಸದ ಆಟೋ ಚಾಲಕ, ಲೋಡರ್‌ಗಳಿಗೆ ಇರೋದು ಪಿ.ಎಫ್. ಒಂದೇ. ಇಂಥವರಿಗಾಗಿ 2011ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಗರಸಭೆ, ಪಾಲಿಕೆಗಳನ್ನೂ ಪಿ.ಎಫ್. ಕಾಯ್ದೆಗೆ ಸೇರಿಸಿತು.

ಸಂಬಳ 15,000 ರೂ. ಇದ್ದರೆ ಹಿಡಿಯೋದು ಶೇ. 12, ಅಂದರೆ 1,800 ರೂ. ಗುತ್ತಿಗೆದಾರನೂ ಅಷ್ಟೇ ಹಾಕಬೇಕು. ಅದರಲ್ಲಿ 1,250 ರೂ. ಪಿಂಚಣಿಗೆ. ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಎಲ್ಲಾ ಕಟ್ಟಿರಬೇಕು.

ತೊಡಕು ಇರೋದು ಇಲ್ಲೇ. ತಿಂಗಳ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಗುತ್ತಿಗೆದಾರ ಬದಲಾದಾಗ ಹಳೇ ಲೆಕ್ಕವನ್ನು ಹೊಸದಕ್ಕೆ ಸೇರಿಸದಿದ್ದರೆ ದುಡಿದ ವರ್ಷಗಳು ಚೂರುಚೂರು. ಎಲ್ಲಾ ಸರಿಯಿದ್ದರೂ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ ತಿಂಗಳಿಗೆ ಬರೀ 1,000 ರೂ.!

ಗುತ್ತಿಗೆದಾರ ಕೈಕೊಟ್ಟರೆ ಹೊಣೆ ನಗರಸಭೆಯದೇ. ಹಾಗಿರುವಾಗ ಪಿ.ಎಫ್. ಚಲನ್ ನೋಡದೆ ಬಿಲ್ ಪಾಸು ಮಾಡೋದು ಯಾವ ನ್ಯಾಯ?

ದುಡಿಯೋರಿಗೆ ಒಂದು ಮಾತು: ಸಂಬಳದ ಚೀಟಿ ನಂಬಿ ಕೂರಬೇಡಿ. ಮಕ್ಕಳ ಕೈಲಾದರೂ ಮೊಬೈಲಿನಲ್ಲಿ ಪಿ.ಎಫ್. ಪಾಸ್‌ಬುಕ್ ತೆಗೆಸಿ ನೋಡಿ. ಹಿಡಿದದ್ದೆಲ್ಲ ಕಟ್ಟಿದ್ದಲ್ಲ.