ಬಿಸಿನೀರಿಗೆ ಹೀಟ್ ಪಂಪ್: ಯಾರ ಮನೆಗೆ ಒಪ್ಪುತ್ತದೆ?

ಹೀಟ್ ಪಂಪ್ ಹಾಕಿಸಬೇಕೇ ಎಂದು ಯೂರೋಪಿನವರು ಯೋಚಿಸುವುದು ಚಳಿಗಾಲದಲ್ಲಿ ಮನೆಯನ್ನೇ ಬೆಚ್ಚಗಿಡಲು. ಹೈದರಾಬಾದಿನ ಕಾಚಿಗೂಡದಲ್ಲಿ ಆ ಚಿಂತೆ ಇಲ್ಲ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳ ಆಸುಪಾಸಿನ ಕನ್ನಡ ಮನೆಗಳಲ್ಲೂ ಈ ಪ್ರಶ್ನೆ ಬಚ್ಚಲುಮನೆಯದು. ಗೀಸರ್ ಹಳತಾಗಿದೆ, ಕರೆಂಟ್ ಬಿಲ್ ಏರುತ್ತಿದೆ. ‘ಹೀಟ್ ಪಂಪಿಗೆ ಮೂರನೇ ಒಂದು ಪಾಲು ಕರೆಂಟ್ ಸಾಕು’ ಎನ್ನುತ್ತಾರೆ ಅಂಗಡಿಯವರು. ಮಾತು ನಿಜವೇ. ಆದರೆ ನಿಮ್ಮ ಮನೆಯ ಬಿಸಿನೀರಿನ ಖರ್ಚು ಎಷ್ಟು ಎಂದು ತಿಳಿಯದೆ ಆ ಮೂರನೇ ಒಂದು ಪಾಲಿಗೆ ಅರ್ಥವಿಲ್ಲ.

ಯಂತ್ರ ಮಾಡುವ ಕೆಲಸ

ಗೀಸರಿನ ಕಾಯಿಲ್ ಕರೆಂಟನ್ನೇ ಶಾಖವಾಗಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ. ಎಷ್ಟೇ ಸ್ಟಾರ್ ಇದ್ದರೂ ಅದಕ್ಕಿಂತ ಹೆಚ್ಚು ಸಿಗದು. ಹೀಟ್ ಪಂಪ್ ಮಾಡುವುದು ಬೇರೆ ಕೆಲಸ. ಅದು ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ನೀರಿಗೆ ದಾಟಿಸುತ್ತದೆ.

ಇದರ ಕೊಳವೆಗಳಲ್ಲಿ ಹರಿಯುವ ಆರ್-134ಎ ಯಂಥ ದ್ರವ ಸಾಧಾರಣ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಹಾಗಾಗಿ ಡಿಸೆಂಬರಿನ ಬೆಳಗಿನ ಜಾವದ 14 ಡಿಗ್ರಿ ಗಾಳಿಯೂ ಅದರ ಪಾಲಿಗೆ ಕಾದ ಗಾಳಿ. ಫ್ಯಾನು ಗಾಳಿ ಎಳೆಯುತ್ತದೆ, ದ್ರವ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದು ಕಾಯುತ್ತದೆ. ಕಾದ ಆವಿ ಟ್ಯಾಂಕಿನ ನೀರಿಗೆ ಶಾಖ ಕೊಟ್ಟು ಮತ್ತೆ ದ್ರವವಾಗುತ್ತದೆ. ಕರೆಂಟ್ ಬೇಕಾಗುವುದು ಮುಖ್ಯವಾಗಿ ಕಂಪ್ರೆಸರಿಗೆ. ಆದ್ದರಿಂದಲೇ ಒಂದು ಯೂನಿಟ್ ಖರ್ಚಾದಾಗ ಸುಮಾರು ಮೂರು ಯೂನಿಟ್ ಶಾಖ ನೀರಿಗೆ ಸೇರುತ್ತದೆ.

ಫ್ರಿಜ್ ಕೂಡ ಇದೇ ಯಂತ್ರ. ಅಲ್ಲಿ ನಮಗೆ ಬೇಕಾದದ್ದು ಒಳಗಿನ ತಂಪು, ಇಲ್ಲಿ ಬೇಕಾದದ್ದು ಹಿಂಬದಿಯ ಬಿಸಿ. ಈ ವಿಚಾರವನ್ನು 1852ರಲ್ಲೇ ಮುಂದಿಟ್ಟವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು 1938ರಲ್ಲಿ ಲಿಮ್ಮಾಟ್ ನದಿಯ ನೀರಿನ ಶಾಖದಿಂದ ಬೆಚ್ಚಗಾಗಿಸಿದ್ದೂ ಹೀಟ್ ಪಂಪೇ.

ಒಂದು ಬಕೆಟ್ಟಿನ ಲೆಕ್ಕ

ಒಬ್ಬರ ಸ್ನಾನಕ್ಕೆ 20 ಲೀಟರ್ ನೀರು ಎಂದಿಟ್ಟುಕೊಳ್ಳೋಣ. 22 ಡಿಗ್ರಿಯ ನೀರು 40 ಡಿಗ್ರಿಗೆ ಏರಲು ಬೇಕಾಗುವುದು ಸುಮಾರು 0.42 ಯೂನಿಟ್. ನಾಲ್ವರಿಗೆ 1.7, ಟ್ಯಾಂಕಿನಿಂದ ಸೋರುವ ಶಾಖವೂ ಸೇರಿದರೆ ದಿನಕ್ಕೆ 2, ತಿಂಗಳಿಗೆ 60 ಯೂನಿಟ್. ಹೀಟ್ ಪಂಪಿನಲ್ಲಿ ಇದೇ ಕೆಲಸ 20 ಯೂನಿಟ್ಟಿನಲ್ಲಿ ಮುಗಿಯುತ್ತದೆ. ಉಳಿದದ್ದು 40. ಯೂನಿಟ್ಟಿಗೆ 7.70 ರೂಪಾಯಿಯಂತೆ ತಿಂಗಳಿಗೆ ಸುಮಾರು 300 ರೂಪಾಯಿ.

ಕಾಚಿಗೂಡದಲ್ಲಿ ಈ ಉಳಿತಾಯ ಹನ್ನೆರಡು ತಿಂಗಳೂ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಟೆರೇಸಿನ ಕಪ್ಪು ಟ್ಯಾಂಕೇ ನೀರನ್ನು ಕಾಯಿಸಿಬಿಡುತ್ತದೆ; ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಹಿಂದೆಳೆದುಕೊಳ್ಳಬೇಕು. ವರ್ಷಕ್ಕೆ ಏಳು ತಿಂಗಳ ಬಳಕೆ ಎಂದರೂ ಉಳಿಯುವುದು 2,100 ರೂಪಾಯಿ. ಗೀಸರಿಗಿಂತ ಹೀಟ್ ಪಂಪಿಗೆ 80,000 ರೂಪಾಯಿ ಹೆಚ್ಚು ತೆತ್ತಿದ್ದರೆ ಆ ಹಣ ಮರಳಲು 38 ವರ್ಷ ಬೇಕು. ಯಂತ್ರದ ಆಯಸ್ಸು 10ರಿಂದ 15 ವರ್ಷ.

ಅದೇ ನಾಲ್ವರು ಬಕೆಟ್ ಬಿಟ್ಟು ಶವರಿನಡಿ ತಲಾ 60 ಲೀಟರ್ ಬಳಸುವವರಾದರೆ ಎಲ್ಲವೂ ಮೂರು ಪಟ್ಟು. ತಿಂಗಳಿಗೆ 120 ಯೂನಿಟ್ ಉಳಿಯುತ್ತದೆ. ಬಳಕೆ ಹೆಚ್ಚಿದಂತೆ ದರವೂ ಏರುವುದರಿಂದ ಯೂನಿಟ್ಟಿಗೆ 9 ರೂಪಾಯಿಯಂತೆ ವರ್ಷಕ್ಕೆ 7,500 ರೂಪಾಯಿಯಾಗಿ, ಹಾಕಿದ ಹಣ ಹನ್ನೊಂದು ವರ್ಷದೊಳಗೆ ಕೈಸೇರುತ್ತದೆ.

ಇನ್ನೂರು ಯೂನಿಟ್ಟಿನ ಗೆರೆ

ತೆಲಂಗಾಣದ ಬಿಲ್ಲಿನಲ್ಲಿ ಒಂದು ಒಳಸುಳಿ ಇದೆ. 2022ರಲ್ಲಿ ಜಾರಿಗೆ ಬಂದ ದರಪಟ್ಟಿಯ ಪ್ರಕಾರ ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಮೊದಲ ಯೂನಿಟ್ಟಿನಿಂದಲೇ ದರ ಬದಲಾಗುತ್ತದೆ. 190 ಯೂನಿಟ್ಟಿಗೆ ವಿದ್ಯುತ್ ಶುಲ್ಕ 772 ರೂಪಾಯಿ. 230 ಆದರೆ 1,251. ನಡುವಿನ 40 ಯೂನಿಟ್ಟಿಗೆ 479 ರೂಪಾಯಿ! ಗೆರೆಯ ಮೇಲೆಯೇ ನಿಂತಿರುವ ಮನೆಗೆ ಈ ಉಳಿತಾಯ ದೊಡ್ಡದು. ಆದರೆ ಎರಡು ಎಲ್‌ಇಡಿ ಬಲ್ಬು, ಒಂದು ಹೊಸ ಫ್ರಿಜ್, ಗೀಸರಿನ ಸ್ವಿಚ್ ಮರೆಯದೆ ಆರಿಸುವ ಅಭ್ಯಾಸ ಇವುಗಳಿಂದಲೂ ಆ ಗೆರೆಯ ಕೆಳಗೆ ಇಳಿಯಬಹುದು. 2024ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತವಾಗಿ ಪಡೆಯುವ ಮನೆಯವರು ಆ ಮಿತಿಯೊಳಗೇ ಇದ್ದರೆ ಹೀಟ್ ಪಂಪ್ ಅವರಿಗೆ ಒಂದು ರೂಪಾಯಿಯನ್ನೂ ಉಳಿಸದು.

ಜಾಗ, ನೀರು, ನೆರೆಹೊರೆ

ಹೀಟ್ ಪಂಪಿಗೆ ಗಾಳಿ ಬೇಕು. ಮುಚ್ಚಿದ ಬಚ್ಚಲಿನಲ್ಲಿ ಇಟ್ಟರೆ ತಾನೇ ಬಿಟ್ಟ ತಣ್ಣನೆ ಗಾಳಿಯನ್ನು ಮತ್ತೆ ಎಳೆದುಕೊಂಡು ಏದುತ್ತದೆ. ಯುಟಿಲಿಟಿ ಬಾಲ್ಕನಿಯೋ ಟೆರೇಸೋ ಆಗಬೇಕು. ಗಾಳಿಯ ತೇವ ತಣ್ಣಗಾಗಿ ನೀರಾಗುವುದರಿಂದ ಪೈಪಿನಿಂದ ಹನಿ ಬೀಳುತ್ತಲೇ ಇರುತ್ತದೆ. ಕೆಳಮನೆಯವರ ಒಗೆದ ಬಟ್ಟೆಯ ಮೇಲೆ ಬೀಳದಂತೆ ಮೋರಿಗೆ ಕೊಡಿಸಿ. ಫ್ಯಾನಿನ ಸದ್ದು ಯಾರ ಕಿಟಕಿಯ ಕಡೆ ಹೋಗುತ್ತದೆ ಎಂಬುದನ್ನೂ ಮೊದಲೇ ನೋಡಿ.

ಬೋರ್‌ವೆಲ್ಲಿನ ಗಡಸು ನೀರಾದರೆ ಟ್ಯಾಂಕಿನೊಳಗೆ ಸುಣ್ಣದ ಪೊರೆ ಕಟ್ಟಿ ಶಾಖ ದಾಟುವುದು ಕುಂದುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಂ ಕಡ್ಡಿಯನ್ನೂ ಆಗಾಗ ಬದಲಿಸಬೇಕು. ಕೊಳ್ಳುವಾಗಲೇ ಆ ಕಡ್ಡಿ ಎಲ್ಲಿ ಸಿಗುತ್ತದೆ, ಯಾರು ಬಂದು ಹಾಕುತ್ತಾರೆ ಎಂದು ಕೇಳಿಕೊಳ್ಳಿ.

ಸ್ವಂತ ಟೆರೇಸ್ ಇದ್ದವರು ಬೆಂಗಳೂರಿನವರಂತೆ ಸೋಲಾರ್ ಹಾಕಿಸುವುದೇ ಲೇಸು, ಬಿಸಿಲಿಗೆ ಬಿಲ್ಲಿಲ್ಲ. ಹೀಟ್ ಪಂಪಿನ ಮಾತು ಬರುವುದು ಟೆರೇಸ್ ಹತ್ತಾರು ಫ್ಲಾಟುಗಳ ನಡುವೆ ಹಂಚಿಹೋದ ಅಪಾರ್ಟ್‌ಮೆಂಟಿನಲ್ಲಿ.

ತೀರ್ಮಾನ

ಈ ಯಂತ್ರಕ್ಕೆ ತಕ್ಕ ಗಿರಾಕಿಗಳು ಕಾಚಿಗೂಡ, ಬರ್ಕತ್‌ಪುರ, ನಾರಾಯಣಗೂಡಗಳ ಹಾಸ್ಟೆಲ್‌ಗಳು, ಪಾತ್ರೆ ತೊಳೆಯಲು ವರ್ಷವಿಡೀ ಬಿಸಿನೀರು ಬೇಕಾಗುವ ಹೋಟೆಲುಗಳು, ಒಂದೇ ಸೂರಿನಡಿ ಹತ್ತು ಜನರಿರುವ ಮನೆಗಳು. 40 ಹುಡುಗರ ಹಾಸ್ಟೆಲಿನಲ್ಲಿ ಬಕೆಟ್ ಸ್ನಾನಕ್ಕೇ ದಿನಕ್ಕೆ 20 ಯೂನಿಟ್ ಹೋಗುತ್ತದೆ. ಅದರಲ್ಲಿ 13 ಉಳಿದರೆ ತಿಂಗಳ ಉಳಿತಾಯ ಮೂರು ಸಾವಿರ ರೂಪಾಯಿ ದಾಟುತ್ತದೆ.

ನಿಮ್ಮ ಲೆಕ್ಕ ಸುಲಭ. ಗೀಸರಿನ ಮೇಲೆ ಬರೆದ ಕಿಲೋವ್ಯಾಟನ್ನು, ಅದು ನೀರು ಕಾಯಿಸುತ್ತಿರುವಾಗ ದೀಪ ಉರಿಯುವ ಗಂಟೆಗಳಿಂದ ಗುಣಿಸಿ. ಒಂದು ವಾರ ಬರೆದಿಡಿ. ದಿನಕ್ಕೆ 6 ಯೂನಿಟ್ ದಾಟಿದರೆ ಹೀಟ್ ಪಂಪಿನ ಅಂಗಡಿಗೆ ಹೋಗಿ ಬೆಲೆ ಕೇಳಿ. ಎರಡು ಮೂರರಲ್ಲೇ ಮುಗಿದರೆ ಒಳ್ಳೆಯ ಗೀಸರ್ ಕೊಂಡು, ಉಳಿದ ಹಣವನ್ನು ಬೇರೆ ಕೆಲಸಕ್ಕೆ ಬಳಸಿ.