ಕುಂಡಕ್ಕೆ ಹಾರುವ ಮುನ್ನ: ತಣ್ಣೀರಿನ ಮೊದಲ ಮೂರು ನಿಮಿಷ



ಮುಂಬಯಿಗೆ ಮಳೆ ಹಿಡಿಯಿತೆಂದರೆ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: "ಈ ಭಾನುವಾರ ಎಲ್ಲಿಗೆ?" ಒಬ್ಬರು ಖಾರ್ಘರ್‌ನ ಪಾಂಡವಕಡಾ ಅನ್ನುತ್ತಾರೆ, ಇನ್ನೊಬ್ಬರು ಬದ್ಲಾಪುರದ ಕೊಂಡೇಶ್ವರ, ಮತ್ತೊಬ್ಬರು ಭಿರಾ ಊರಿನಾಚೆಯ ದೇವಕುಂಡ. ಹಸಿರು ಬೆಟ್ಟ, ಬಿಳಿ ನೀರು, ಕೆಳಗೆ ಬಂಡೆಗಳ ನಡುವೆ ತಣ್ಣನೆಯ ಕುಂಡ. ಹೋಗಬೇಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಇಳಿಯುವ ಮೊದಲು ನಿಮ್ಮ ಹೃದಯದ ಬಗ್ಗೆ ಐದು ನಿಮಿಷ ಯೋಚಿಸಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಕೆಲವು ಮಳೆಗಾಲಗಳ ಹಿಂದಿನ ಮಾತು. ಒಂದು ಸೋಮವಾರ ಬೆಳಿಗ್ಗೆ 48 ವರ್ಷದ ಹೋಟೆಲ್ ಮಾಲೀಕರೊಬ್ಬರನ್ನು ಅವರ ಹೆಂಡತಿ ಹೆಚ್ಚುಕಡಿಮೆ ಎಳೆದುಕೊಂಡೇ ನನ್ನ ಒಪಿಡಿಗೆ ಕರೆತಂದರು. ಹಿಂದಿನ ದಿನ ಅವರು ಗೆಳೆಯರೊಂದಿಗೆ ಒಂದು ಜಲಪಾತಕ್ಕೆ ಹೋಗಿದ್ದರು. ಹೊಟ್ಟೆ ತುಂಬಾ ಮಿಸಳ್ ಪಾವ್, ಒಂದೂವರೆ ಗಂಟೆ ಬೆಟ್ಟದ ದಾರಿ, ಮೈಯೆಲ್ಲ ಬೆವರು. ಕುಂಡ ಕಂಡದ್ದೇ ತಡ, ಬಂಡೆಯ ಮೇಲಿಂದ ಹಾರಿದರು.

"ಡಾಕ್ಟ್ರೇ, ನೀರಿಗೆ ಬಿದ್ದ ಕೂಡಲೇ ಉಸಿರು ಸಿಕ್ಕಿಹಾಕಿಕೊಂಡಿತು. ಎದೆಯ ಮೇಲೆ ಅಕ್ಕಿಮೂಟೆ ಇಟ್ಟ ಹಾಗಾಯಿತು. ಥಂಡಿಗೆ ಇರಬೇಕು ಅಂದುಕೊಂಡೆ."

ಗೆಳೆಯರು ದಡಕ್ಕೆ ಎಳೆದರು. ಹತ್ತು ನಿಮಿಷದಲ್ಲಿ ಭಾರ ಇಳಿಯಿತು. ಗ್ಯಾಸ್ ಎಂದು ಸೋಡಾ ಕುಡಿದರು. ಮತ್ತೆ ಒಂದೂವರೆ ಗಂಟೆ ನಡೆದು, ನಾಲ್ಕು ಗಂಟೆ ಕಾರಿನಲ್ಲಿ ಕುಳಿತು ಮನೆಗೆ ಬಂದರು. ರಾತ್ರಿ ಅದೇ ಭಾರ ಪುನಃ ಬಂತು. ಇಸಿಜಿ ಸರಿಯಿರಲಿಲ್ಲ. ಆಂಜಿಯೋಗ್ರಾಂ ಮಾಡಿದಾಗ ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳ ಬಹುತೇಕ ಮುಚ್ಚಿತ್ತು. ಸ್ಟೆಂಟ್ ಹಾಕಿದೆವು, ಉಳಿದರು. ಆಮೇಲೆ ಅವರ ಹೆಂಡತಿ ಹೇಳಿದರು: "ಇವರ ತಂದೆಯೂ 52ಕ್ಕೇ ಹೋದದ್ದು. ಅವರೂ ಗ್ಯಾಸ್ ಅಂತಲೇ ಹೇಳಿದ್ದರು."

ಆ ಬ್ಲಾಕ್ ಕುಂಡದ ನೀರಿನಿಂದ ಆದದ್ದಲ್ಲ, ವರ್ಷಗಳಿಂದ ಇದ್ದದ್ದು. ತಣ್ಣೀರು ಹೃದಯದ ಮೇಲೆ ಒಮ್ಮೆಲೇ ಹೊರೆ ಹಾಕಿದಾಗ ಅದು ಹೊರಬಿತ್ತು, ಅಷ್ಟೆ.

*ತಣ್ಣೀರು ಹೃದಯಕ್ಕೆ ಏನು ಮಾಡುತ್ತದೆ?*

ನಾಲ್ಕು ಸಂಗತಿಗಳು ನಡೆಯುತ್ತವೆ.

ಮೊದಲನೆಯದು, ಥಂಡಿಯ ಆಘಾತ. ನೀರು 25 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಸಾಕು, ಇದು ಶುರುವಾಗಬಹುದು. ನೀರು 10ರಿಂದ 15 ಡಿಗ್ರಿಯಷ್ಟಿದ್ದರೆ ಬಹಳ ತೀವ್ರ. ಚರ್ಮಕ್ಕೆ ಥಂಡಿ ತಗಲಿದೊಡನೆ ನಮ್ಮ ಇಚ್ಛೆ ಕೇಳದೆ ಒಂದು ದೊಡ್ಡ ಉಸಿರು ಒಳಗೆ ಬರುತ್ತದೆ. ಆ ಕ್ಷಣ ಮುಖ ನೀರಿನೊಳಗಿದ್ದರೆ ಗಾಳಿಯ ಬದಲು ನೀರೇ ಶ್ವಾಸಕೋಶಕ್ಕೆ ಹೋಗುತ್ತದೆ. ಈಜು ಚೆನ್ನಾಗಿ ಬಲ್ಲವರೂ ದಡದಿಂದ ನಾಲ್ಕು ಮಾರು ದೂರದಲ್ಲಿ ಮುಳುಗುವುದು ಇದರಿಂದಲೇ. ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಎದೆಬಡಿತ ಓಡುತ್ತದೆ. ಇದೆಲ್ಲ ಮೊದಲ ಅರ್ಧ ನಿಮಿಷದಲ್ಲಿ ತಾರಕಕ್ಕೇರಿ, ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ.

ಎರಡನೆಯದು, ಮುಳುಗಿನ ಪ್ರತಿಕ್ರಿಯೆ. ಮುಖಕ್ಕೆ ತಣ್ಣೀರು ತಗಲಿ, ಉಸಿರು ಬಿಗಿಹಿಡಿದಾಗ ದೇಹ ಎದೆಬಡಿತವನ್ನು ನಿಧಾನ ಮಾಡುತ್ತದೆ. ಸೀಲ್, ತಿಮಿಂಗಿಲಗಳಲ್ಲಿ ಇದು ಬಹಳ ಪ್ರಬಲ, ನಮ್ಮಲ್ಲೂ ಇದೆ. ಈಗ ಯೋಚಿಸಿ: ಮೈಗೆ ತಾಗಿದ ಥಂಡಿ "ಓಡು" ಎನ್ನುತ್ತದೆ, ಮುಖಕ್ಕೆ ತಾಗಿದ ಥಂಡಿ "ನಿಲ್ಲು" ಎನ್ನುತ್ತದೆ. ಎರಡು ಆಜ್ಞೆಗಳೂ ಒಂದೇ ಹೃದಯಕ್ಕೆ, ಒಂದೇ ಹೊತ್ತಿಗೆ. ಆಗ ಬಡಿತದ ತಾಳ ತಪ್ಪಬಹುದು. ಬ್ರಿಟನ್ನಿನ ವಿಜ್ಞಾನಿಗಳಾದ ಶಾಟಕ್ ಮತ್ತು ಟಿಪ್ಟನ್ 2012ರಲ್ಲಿ ಇದನ್ನು ವಿವರವಾಗಿ ಬರೆದರು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಗಮನಕ್ಕೇ ಬಾರದೆ ಸರಿಹೋಗುತ್ತದೆ. ಹೃದಯದಲ್ಲಿ ಮೊದಲೇ ದೋಷ ಇದ್ದವರಲ್ಲಿ ಸರಿಹೋಗದೆ ಇರಬಹುದು.

ಮೂರನೆಯದು, ನೀರಿನ ಒತ್ತಡ. ಕುತ್ತಿಗೆವರೆಗೆ ನೀರಿನಲ್ಲಿ ನಿಂತಾಗ ಕಾಲು, ಹೊಟ್ಟೆಯ ರಕ್ತ ಎದೆಯ ಕಡೆಗೆ ಒತ್ತಲ್ಪಡುತ್ತದೆ. ಸುಮಾರು 700 ಮಿಲಿಲೀಟರ್, ಅಂದರೆ ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ. ಆರೋಗ್ಯವಂತ ಹೃದಯ ಈ ಹೆಚ್ಚಿನ ರಕ್ತವನ್ನು ಸಲೀಸಾಗಿ ಪಂಪ್ ಮಾಡುತ್ತದೆ. ಪಂಪ್ ಮಾಡುವ ಶಕ್ತಿ ಕುಗ್ಗಿದ ಹೃದಯಕ್ಕೆ ಅದೇ ಭಾರವಾಗಿ ಉಬ್ಬಸ ಬರುತ್ತದೆ.

ನಾಲ್ಕನೆಯದು, ಹೊರಬರುವ ಹೊತ್ತು. ನೀರಿನಿಂದ ಎದ್ದೊಡನೆ ಆ ಒತ್ತಡ ಹೋಗಿ ರಕ್ತ ಪುನಃ ಕಾಲಿಗೆ ಇಳಿಯುತ್ತದೆ, ಬಿಪಿ ಬೀಳುತ್ತದೆ. ಬಿಪಿ ಮಾತ್ರೆ ತಿನ್ನುವವರಿಗೆ ಇದು ಇನ್ನೂ ಹೆಚ್ಚು. ಪಾಚಿ ಕಟ್ಟಿದ ಬಂಡೆಯ ಮೇಲೆ ಒಮ್ಮೆಲೇ ಎದ್ದು ನಿಂತರೆ ತಲೆ ತಿರುಗುವುದೂ ಕಾಲು ಜಾರುವುದೂ ಒಟ್ಟಿಗೇ ಆಗುತ್ತದೆ.

*ಕುಂಡ, ಗುಹೆ, ಸೆನೋಟೆ*

ಸಹ್ಯಾದ್ರಿಯ ಕಲ್ಲು ಕರಗುವ ಜಾತಿಯದಲ್ಲ, ಜ್ವಾಲಾಮುಖಿಯ ಕಪ್ಪು ಬಸಾಲ್ಟ್. ಇಲ್ಲಿನ ಕುಂಡಗಳು ಸಾವಿರಾರು ವರ್ಷ ಮೇಲಿಂದ ಬಿದ್ದ ನೀರು ಕೊರೆದ ಹೊಂಡಗಳು. ಮೇಲ್ನೋಟಕ್ಕೆ ಶಾಂತ. ಒಳಗೆ ಎಲ್ಲಿ ಸೊಂಟದುದ್ದ, ಎಲ್ಲಿ ಆಳ ಎಂದು ತಿಳಿಯುವುದಿಲ್ಲ. ಮೇಲಿನ ಬೆಟ್ಟದಲ್ಲಿ ಮಳೆ ಹೊಡೆದರೆ ನೀವಿರುವ ಕಡೆ ಬಿಸಿಲಿದ್ದರೂ ನೀರು ಏರುತ್ತದೆ. 2024ರ ಜೂನ್ 30ರಂದು ಲೋಣಾವಳಾದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಅದಕ್ಕೆ ಹೃದಯದ ಆರೋಗ್ಯ ಚೆನ್ನಾಗಿದ್ದರೂ ಮದ್ದಿಲ್ಲ. ಜಿಲ್ಲಾಡಳಿತ ನಿಷೇಧ ಹಾಕಿದ್ದರೆ ಹೋಗದಿರುವುದೊಂದೇ ದಾರಿ.

ನಮ್ಮ ಬೀದರ್, ಕಲಬುರಗಿ ಕಡೆಯ ಮುಂಬಯಿಕರರಿಗೆ ಝರಣಿ ನರಸಿಂಹ ಗೊತ್ತೇ ಇದೆ. ಸುಮಾರು 300 ಮೀಟರ್ ಉದ್ದದ ನೀರು ತುಂಬಿದ ಸುರಂಗ, ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದೇವರ ದರ್ಶನ. ತಲೆಯ ಮೇಲೆ ಬಾವಲಿಗಳು. ಅಲ್ಲಿ ಹಾರುವ ಪ್ರಶ್ನೆ ಇಲ್ಲ. ಆದರೆ ಎದೆಮಟ್ಟದ ನೀರಿನ ಒತ್ತಡ ಇದೆ, ಜನಸಂದಣಿ ಇದೆ, ಮುಚ್ಚಿದ ಜಾಗದ ಸೆಖೆ ಮತ್ತು ಗಾಬರಿ ಇದೆ. ನಡುವೆ ಸುಸ್ತಾದರೆ ಕುಳಿತುಕೊಳ್ಳಲು ಜಾಗವಿಲ್ಲ. ಹಾರ್ಟ್ ಫೇಲ್ಯೂರ್ ಇರುವ ಹಿರಿಯರನ್ನು "ದೇವರಿದ್ದಾನೆ, ಬನ್ನಿ" ಎಂದು ಒಳಗೆ ಕರೆದೊಯ್ಯಬೇಡಿ. ಹೊರಗಿನಿಂದಲೇ ಕೈಮುಗಿದರೂ ದೇವರಿಗೆ ಬೇಸರವಿಲ್ಲ.

ಗುಹೆಯೊಳಗಿನ ಗಾಳಿ ಎಷ್ಟು ಮುಖ್ಯ ಎಂಬುದಕ್ಕೆ ಥಾಯ್ಲೆಂಡ್ ಉದಾಹರಣೆ. 2018ರ ಜೂನ್ 23ರಂದು ಥಾಮ್ ಲುವಾಂಗ್ ಗುಹೆಗೆ ಹೋದ 12 ಹುಡುಗರು ಮತ್ತು ಅವರ ಕೋಚ್ ಮಳೆನೀರು ತುಂಬಿ ಒಳಗೇ ಸಿಕ್ಕಿಬಿದ್ದರು. ಜುಲೈ 10ರ ಹೊತ್ತಿಗೆ ಎಲ್ಲರೂ ಜೀವಂತ ಹೊರಬಂದರು. ಆದರೆ ಅವರಿಗಾಗಿ ಗಾಳಿ ಸಿಲಿಂಡರ್ ಇಟ್ಟು ಮರಳುತ್ತಿದ್ದ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಗುನಾನ್ ಪ್ರಾಣ ಕಳೆದುಕೊಂಡರು. ತರಬೇತಿ ಪಡೆದವರ ಗತಿಯೇ ಹೀಗಾದರೆ, ನೀರು ತುಂಬಿದ ಗುಹೆ ನಮ್ಮಂಥವರು ಮಳೆಗಾಲದಲ್ಲಿ ಹೊಕ್ಕು ನೋಡುವ ಜಾಗವಲ್ಲ.

ಇನ್ನು, ಮಕ್ಕಳು ಅಮೆರಿಕದಲ್ಲಿರುವ ಹಿರಿಯರಿಗೆ ಮೆಕ್ಸಿಕೋ ಪ್ರವಾಸದ ಯೋಗ ಬರುತ್ತದೆ. ಯುಕಟಾನ್‌ನಲ್ಲಿ ಸುಣ್ಣದಕಲ್ಲು ಕರಗಿ, ನೆಲದ ಚಾವಣಿ ಕುಸಿದು ಆದ ಸೆನೋಟೆ ಎಂಬ ನೀರಿನ ಬಾವಿಗಳಿವೆ. ಚಿಚೆನ್ ಇಟ್ಸಾ ಸಮೀಪದ ಇಕ್ ಕಿಲ್‌ನಲ್ಲಿ ನೀರು ನೆಲದಿಂದ ಸುಮಾರು 26 ಮೀಟರ್ ಕೆಳಗಿದೆ. ಇಳಿಯುವಾಗ ಖುಷಿ. ತಣ್ಣೀರಿನಿಂದ ಎದ್ದು ಎಂಟು ಮಾಳಿಗೆಯಷ್ಟು ಮೆಟ್ಟಿಲು ಹತ್ತುವುದೇ ನಿಜವಾದ ಪರೀಕ್ಷೆ. ಮುಂಬಯಿಯಲ್ಲಿ ಮೂರು ಮಾಳಿಗೆ ಹತ್ತುವಾಗ ಎದೆ ಹಿಡಿಯುವವರು ಅಲ್ಲಿ ಮೇಲಿಂದಲೇ ಫೋಟೋ ತೆಗೆದುಕೊಳ್ಳಿ.

*ಯಾರು ಮೊದಲು ವೈದ್ಯರನ್ನು ಕೇಳಬೇಕು?*

✅ ಹೃದಯಾಘಾತ, ಸ್ಟೆಂಟ್, ಬೈಪಾಸ್ ಆದವರು. ಟಿಎಂಟಿ ಅಥವಾ ಎಕೋ ನೋಡಿ ನಿಮ್ಮ ವೈದ್ಯರೇ ಹೇಳಲಿ.
✅ ಬಿಪಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಧೂಮಪಾನಿಗಳು.
✅ ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತವಾಗಿದ್ದವರು.
✅ ಓಡುವಾಗ, ಈಜುವಾಗ ಎಂದಾದರೂ ಪ್ರಜ್ಞೆ ತಪ್ಪಿದವರು, ಅಥವಾ ಮನೆತನದಲ್ಲಿ ಎಳೆಯ ವಯಸ್ಸಿನವರು ಕಾರಣ ತಿಳಿಯದೆ ತೀರಿಕೊಂಡಿದ್ದರೆ. ಲಾಂಗ್ ಕ್ಯೂಟಿ ಎಂಬ ಹುಟ್ಟಿನಿಂದ ಬರುವ ದೋಷದ ಒಂದು ಬಗೆಯಲ್ಲಿ ಈಜುವಾಗಲೇ ಹೃದಯದ ತಾಳ ತಪ್ಪುತ್ತದೆ. ಒಂದು ಸಾದಾ ಇಸಿಜಿ ಅನೇಕ ಸಲ ಸುಳಿವು ಕೊಡುತ್ತದೆ.

*ಇಳಿಯುವವರಿಗೆ*

1. ನಡೆದು ಬಂದ ಬೆವರಿನಲ್ಲಿ ನೀರಿಗಿಳಿಯಬೇಡಿ. ಇಪ್ಪತ್ತು ನಿಮಿಷ ಕುಳಿತುಕೊಳ್ಳಿ.
2. ಹಾರಬೇಡಿ. ಮೊದಲು ಕಾಲು, ಆಮೇಲೆ ಕೈ, ಮುಖಕ್ಕೆ ನೀರು ಚಿಮುಕಿಸಿ, ನಿಧಾನವಾಗಿ ಸೊಂಟದವರೆಗೆ. ಉಸಿರು ಸರಿಯಾಗುವವರೆಗೆ ಮುಂದೆ ಹೋಗಬೇಡಿ.
3. ಅಕಸ್ಮಾತ್ ಬಿದ್ದರೆ ಕೈಕಾಲು ಬಡಿಯಬೇಡಿ. ಬೆನ್ನ ಮೇಲೆ ಮಲಗಿದಂತೆ ತೇಲಿ. ಒಂದೆರಡು ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ. ಆಮೇಲೆ ದಡಕ್ಕೆ ಬನ್ನಿ.
4. ಜೋರುಜೋರಾಗಿ ಉಸಿರೆಳೆದು "ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ" ಎಂಬ ಪಂಥ ಬೇಡ. ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ.
5. ಮದ್ಯ ಕುಡಿದು ನೀರಿಗೆ ಇಳಿಯಬಾರದು. ಒಂದು ಬಿಯರ್ ಕೂಡ ಲೆಕ್ಕವೇ.
6. ಆ ದಿನದ ಮಾತ್ರೆ ತಪ್ಪಿಸಬೇಡಿ. ರಕ್ತ ತೆಳು ಮಾಡುವ ಮಾತ್ರೆಯವರು ಜಾರುಬಂಡೆಯಿಂದ ದೂರವಿರಿ.
7. ಎದ್ದ ಮೇಲೆ ಐದು ನಿಮಿಷ ಕುಳಿತು, ನಂತರ ನಿಲ್ಲಿ.

*ಕೆಟ್ಟ ಗಳಿಗೆ ಬಂದರೆ*

ಎದೆಭಾರ, ಎಡಗೈ ಅಥವಾ ದವಡೆ ನೋವು, ತಣ್ಣನೆ ಬೆವರು, ಉಸಿರಾಟದ ತೊಂದರೆ ಬಂದರೆ, ಅದು ಹತ್ತು ನಿಮಿಷದಲ್ಲಿ ಹೋದರೂ, ಗ್ಯಾಸ್ ಎಂದು ತೀರ್ಮಾನಿಸಬೇಡಿ. ಅವರನ್ನು ನಡೆಸಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ. ಅಲರ್ಜಿ, ರಕ್ತಸ್ರಾವ ಅಥವಾ ತಲೆಗೆ ಪೆಟ್ಟು ಇಲ್ಲದಿದ್ದರೆ 300–325 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಿ. ಬಿಪಿ ನೋಡದೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಡಬೇಡಿ. "ಜೋರಾಗಿ ಕೆಮ್ಮಿದರೆ ಹೃದಯಾಘಾತದಿಂದ ಪಾರಾಗಬಹುದು" ಎಂಬ ಸಂದೇಶ ನಿಮಗೆ ಬಂದಿದ್ದರೆ ಅಳಿಸಿಬಿಡಿ, ಅದು ಸುಳ್ಳು.

ಮುಳುಗಿದವರನ್ನು ಹೊರತೆಗೆದಾಗ ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅದರಿಂದ ಅಮೂಲ್ಯ ಸಮಯ ಹೋಗುತ್ತದೆ. ಉಸಿರಿಲ್ಲ, ಪ್ರಜ್ಞೆಯಿಲ್ಲ ಎಂದಾದರೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಹಿಡಿದು ಮೊದಲು ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಒತ್ತಿ: ಐದಾರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಮತ್ತೆ ಎರಡು ಉಸಿರು. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಕುಂಡಗಳ ಬಳಿ ಹೆಚ್ಚಾಗಿ ಫೋನ್ ಸಿಗ್ನಲ್ ಇರುವುದಿಲ್ಲ, ಆಂಬುಲೆನ್ಸ್ ಬರುವ ರಸ್ತೆಯೂ ಇಲ್ಲ. ಅಲ್ಲಿ ಇರುವುದು ನಿಮ್ಮ ಎರಡು ಕೈ ಮಾತ್ರ. ಪಿಕ್ನಿಕ್‌ಗೆ ಹೊರಡುವ ಗುಂಪಿನಲ್ಲಿ ಇಬ್ಬರಾದರೂ ಇದನ್ನು ಕಲಿತಿರಲಿ.

ಆ ಹೋಟೆಲ್ ಮಾಲೀಕರು ಈಗಲೂ ತಪಾಸಣೆಗೆ ಬರುತ್ತಾರೆ. ಸಿಗರೇಟ್ ಬಿಟ್ಟಿದ್ದಾರೆ. ಕಳೆದ ಸಲ ಬಂದಾಗ ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ಹುಡುಗರು ಮತ್ತೆ ಹೊರಟಿದ್ದಾರೆ. ನಾನೂ ಹೋಗಲಾ?" ಟಿಎಂಟಿ ಚೆನ್ನಾಗಿತ್ತು. ಹತ್ತಿರದ ಜಾಗವಾದರೆ ಹೋಗಿ, ಮೊಣಕಾಲಿನವರೆಗೆ ನೀರು ಸಾಕು ಎಂದೆ. ಪಕ್ಕದಲ್ಲಿದ್ದ ಹೆಂಡತಿ ಹೇಳಿದರು: "ಹೋಗಲಿ ಡಾಕ್ಟ್ರೇ. ಈ ಸಲ ನಾನೂ ಜೊತೆಗಿರುತ್ತೇನೆ, ಮಗ ಕಾಲೇಜಿನಲ್ಲಿ ಸಿಪಿಆರ್ ಕಲಿತಿದ್ದಾನೆ."

ನಿಮ್ಮ ಗುಂಪಿನಲ್ಲಿ ಈ ಭಾನುವಾರ ಯಾರಾದರೂ ಹೊರಟಿದ್ದರೆ ಇದನ್ನು ಇಂದೇ ಅವರಿಗೆ ಕಳುಹಿಸಿ.

– ನಿಮ್ಮ ಹೃದ್ರೋಗ ತಜ್ಞ, ಮುಂಬಯಿ

(ಇದು ಸಾಮಾನ್ಯ ಮಾಹಿತಿ ಮಾತ್ರ. ನಿಮ್ಮ ಔಷಧ ಮತ್ತು ವ್ಯಾಯಾಮದ ಬಗ್ಗೆ ನಿಮ್ಮನ್ನು ನೋಡುವ ವೈದ್ಯರ ಮಾತೇ ಅಂತಿಮ.)