ಮೃದು ಖನಿಜಗಳಿಗೆ ಸಾಣೆ ಹಿಡಿಯುವ ವಿಚಾರ

ರತ್ನಕ್ಕೆ ಸಾಣೆಯಿಂದಲೇ ಬೆಲೆಯೆಂಬುದು ಲೋಕರೂಢಿ. ವಜ್ರ, ಕೆಂಪು, ನೀಲ ಮೊದಲಾದ ಕಠಿಣಶಿಲೆಗಳ ವಿಷಯದಲ್ಲಿ ಆ ಮಾತು ಸಲ್ಲುವುದು. ಆದರೆ ಚಾಕುವಿನ ಮೊನೆಗೆ ಗೀರು ಬೀಳುವಷ್ಟು ಮೃದುವಾದ ಖನಿಜಗಳಿಗೂ ಇದೇ ನ್ಯಾಯವನ್ನು ಅನ್ವಯಿಸಿದಲ್ಲಿ, ಮರಳಿ ಪಡೆಯಲಾಗದ ನಷ್ಟವು ಒದಗುವುದುಂಟು.

ಮ್ಯಾಂಗನೀಸಿನ ಕಾರ್ಬೊನೇಟಾದ ರೋಡೊಕ್ರೋಸೈಟೆಂಬ ಗುಲಾಬಿವರ್ಣದ ಖನಿಜವು ಇದಕ್ಕೆ ತಕ್ಕ ನಿದರ್ಶನವಾಗಿದೆ. ಮೋಸನು 1812ರಲ್ಲಿ ಏರ್ಪಡಿಸಿದ ಕಾಠಿಣ್ಯದ ಮಾನದಲ್ಲಿ ಇದರ ಸ್ಥಾನವು 3½ರಿಂದ 4, ಬೆಣಚುಕಲ್ಲಿನದು 7. ಮನೆಯ ಧೂಳಿನಲ್ಲಿ ಬೆಣಚಿನ ನುಣ್ಣನೆಯ ಕಣಗಳು ಸಾಮಾನ್ಯವಾಗಿ ಬೆರೆತಿರುವುದರಿಂದ, ಉಂಗುರದಲ್ಲಿ ಕೂರಿಸಿದ ರೋಡೊಕ್ರೋಸೈಟಿನ ಒಪ್ಪವು ಬಟ್ಟೆಯಿಂದ ಒರೆಸಿದಂತೆಲ್ಲ ಮಸುಕಾಗುತ್ತ ಹೋಗುವುದು. ಇದಲ್ಲದೆ ಇದರ ಸ್ಫಟಿಕವು ಮೂರು ದಿಕ್ಕುಗಳಲ್ಲಿ ಸುಲಭವಾಗಿ ಸೀಳುವುದು. ಸಾಣೆಯ ಒತ್ತಡ, ಕಾವುಗಳಿಗೆ ಸಿಕ್ಕಿ ಕೆಲಸವು ಮುಗಿಯುವ ಹೊತ್ತಿಗೆ ಬಿರಿಯುವುದೂ ಉಂಟು.

ಆದರೂ ಇದೇ ಖನಿಜವನ್ನು ಅರ್ಜೆಂಟೀನಾ ದೇಶದ ಕಟಮಾರ್ಕಾ ಪ್ರಾಂತದ ಕಪಿಯೀಟಾಸ್ ಗಣಿಯ ಬಳಿ ಬಹುಕಾಲದಿಂದ ಕೊಯ್ದು ಒಪ್ಪವಿಡುವರು. ಅಲ್ಲಿ ಅದು ಗುಹೆಯ ಇಳಿಗೊಂಬಿನಂತೆ ಪದರಪದರವಾಗಿ ಬೆಳೆದಿದೆ. ಹೊರಗಿನಿಂದ ನೋಡಿದರೆ ಒರಟು ಕಂಬಿ; ಅಡ್ಡಲಾಗಿ ಕೊಯ್ದರೆ ಮಾತ್ರ ಒಳಗಿನ ಬಿಳಿ, ಗುಲಾಬಿ ಬಳೆಗಳು ಕಾಣುವವು. ಸಣ್ಣ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸೀಳು ದೂರ ಹರಿಯದು. ನಮ್ಮ ಬಳಪದ ಕಲ್ಲು ಇದಕ್ಕಿಂತಲೂ ಮೃದುವಾದುದಾದರೂ ಹೊಯ್ಸಳ ಶಿಲ್ಪಿಗಳು ಅದರ ಕಂಬಗಳನ್ನು ಕನ್ನಡಿಯಂತೆ ನುಣುಪುಗೊಳಿಸಿದುದಕ್ಕೆ ಅದರ ಸೂಕ್ಷ್ಮಕಣಗಳ ಹೆಣಿಗೆಯೂ ಒಂದು ಕಾರಣ. ಇಂತಹ ಕಡೆ ಒಪ್ಪವು ಮರೆಯಾಗಿದ್ದುದನ್ನು ತೋರಿಸುವ ಸಾಧನವೇ ಸರಿ. ಆದರೂ ಒಂದು ತುಂಡನ್ನಾದರೂ ಒರಟಾಗಿಯೇ ಉಳಿಸುವುದು ಯುಕ್ತ.

ಬಿಡಿ ಸ್ಫಟಿಕದ ಪಾಡು ಬೇರೆ. ಅದರ ಮುಖಗಳು ಪ್ರಕೃತಿಯೇ ತಿದ್ದಿದ ಮುಖಗಳು. ಅವುಗಳ ನಡುವಣ ಕೋನದಿಂದ ಖನಿಜವನ್ನು ಗುರುತಿಸಬಹುದು. ಮೇಲಿನ ಗೆರೆ ಗುಳಿಗಳಿಂದ ಅದು ಬೆಳೆದ, ಕರಗಿದ ರೀತಿಯನ್ನು ಊಹಿಸಬಹುದು. ಅಂಟಿಕೊಂಡಿರುವ ಬೆಣಚು, ಫ್ಲೋರೈಟುಗಳಿಂದ ಯಾವುದು ಮೊದಲು, ಯಾವುದು ಅನಂತರವೆಂಬ ಕ್ರಮವು ತಿಳಿಯುವುದು. ಸಾಣೆಯ ಒಂದು ಗಳಿಗೆಯಲ್ಲಿ ಇದೆಲ್ಲವೂ ಧೂಳಾಗುವುದು. ಆಮ್ಲದಲ್ಲಿ ತೊಳೆಯುವುದೂ ಅಪಾಯಕರವೇ, ಏಕೆಂದರೆ ಕಾರ್ಬೊನೇಟು ಆಮ್ಲದಲ್ಲಿ ಕರಗುವುದು.

ಅಮೆರಿಕದ ಕೊಲೊರಾಡೊ ಸಂಸ್ಥಾನದ ಆಲ್ಮಾ ಊರಿನ ಬಳಿಯ ಸ್ವೀಟ್ ಹೋಮ್ ಗಣಿಯನ್ನು 19ನೆಯ ಶತಮಾನದಲ್ಲಿ ತೆರೆದುದು ಬೆಳ್ಳಿಗಾಗಿ. ರೋಡೊಕ್ರೋಸೈಟನ್ನು ಅಲ್ಲಿಯ ಗಣಿಗಾರರು ಅದಿರಿನೊಡನೆ ಬರುವ ಕಸವೆಂದೆಣಿಸಿದರು. ಹಾಗೆ ಕಳೆದುಹೋದ ಹರಳುಗಳ ಲೆಕ್ಕವನ್ನು ಯಾರು ಬಲ್ಲರು! 1991ರಲ್ಲಿ ಅದೇ ಗಣಿಯನ್ನು ಮಾದರಿಗಳಿಗಾಗಿಯೇ ಮತ್ತೆ ತೆರೆದು, ಹರಳಿಗೆ ಪೆಟ್ಟು ತಗಲದಂತೆ ವಜ್ರದ ಹಲ್ಲಿನ ಗರಗಸದಿಂದ ಸುತ್ತಲಿನ ಬಂಡೆಯನ್ನು ಕೊಯ್ದು ತೆಗೆಯತೊಡಗಿದರು. 1992ರಲ್ಲಿ ದೊರೆತ ‘ಆಲ್ಮಾ ಕಿಂಗ್’ ಎಂಬ ಸ್ಫಟಿಕವು ಸುಮಾರು 16 ಸೆಂಟಿಮೀಟರು ಅಗಲವಿದ್ದು, ತಾನು ಬೆಳೆದ ಬೆಣಚಿನ ಹಾಸಿನೊಡನೆಯೇ ಡೆನ್ವರಿನ ವಸ್ತುಸಂಗ್ರಹಾಲಯವನ್ನು ಸೇರಿತು.